ಶನಿಗ್ರಹದಲ್ಲಿ ದಿನಕ್ಕೆಷ್ಟು ಗಂಟೆ

ಅರ್ಧ ಒಣಗಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಯಾರಿಗೂ ಇಷ್ಟವಾಗಲಿಕ್ಕಿಲ್ಲ. ಮೊನ್ನೆ ಬೆಳಿಗ್ಗೆ ಅವಸರದಲ್ಲಿ ಕುರ್ತಾ ಒಂದನ್ನು ಇಸ್ತ್ರಿ ಮಾಡುತ್ತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಮೈಲಾಪೂರಿನ ಆ ಎರಡನೇ ಮಹಡಿಯ ಮನೆ, ಫ್ಯಾನಿನ ಕೆಳಗೆ ಕುರ್ಚಿಗಳ ಬೆನ್ನಿಗೆ ಹರವಿದ ಮಗಳ ಸ್ಕೂಲ್ ಯೂನಿಫಾರಂ, ಆ ವರ್ಷವಿಡೀ ನನ್ನ ತಲೆಯಲ್ಲಿ ಮನೆ ಮಾಡಿಕೊಂಡಿದ್ದ ಗೊಂದಲ, ಎಲ್ಲವೂ ಒಟ್ಟಿಗೆ ಬಂದು ಎದುರು ನಿಂತವು. ಇಸ್ತ್ರಿ ಪಕ್ಕಕ್ಕಿಟ್ಟು ಕೂತುಬಿಟ್ಟೆ. ಕುರ್ತಾ ಸುಡಲಿಲ್ಲ, ಅದೊಂದು ಪುಣ್ಯ.

ಆಗ ನಾನು ಚೆನ್ನೈನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎರಡು ವರ್ಷದ ಕರಾರಿನ ಮೇಲೆ ಕೆಲಸಕ್ಕಿದ್ದೆ. ಮೊದಲ ವರ್ಷ ಕಳೆದು ಎರಡನೆಯದು ನಡೆಯುತ್ತಿತ್ತು. ಮದುವೆ ಮುಂಜಿಗೆ ಊರಿಗೆ ಹೋದಾಗ ಯಾರಾದರೂ ಏನು ಕೆಲಸ ಎಂದು ಕೇಳಿದರೆ, ಶನಿಗ್ರಹದಲ್ಲಿ ದಿನಕ್ಕೆ ಎಷ್ಟು ಗಂಟೆ ಎಂದು ಲೆಕ್ಕ ಹಾಕುತ್ತಿದ್ದೇನೆ ಎನ್ನುತ್ತಿದ್ದೆ. "ಅಷ್ಟೂ ಗೊತ್ತಿಲ್ವಾ ಇನ್ನೂ?" ಎಂದು ಅವರು ಕೇಳುವುದು, ನಾನು ಇಲ್ಲ ಎನ್ನುವುದು, ಆಮೇಲೆ ಅವರು ಪಾಯಸದ ಕಡೆ ತಿರುಗುವುದು ಮಾಮೂಲಾಗಿತ್ತು. ಇಷ್ಟೊಂದು ಓದಿಸಿದ್ದು ಇದಕ್ಕಾ ಎಂಬ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಅಷ್ಟೇ.

ನಿಜಕ್ಕೂ ಅದು ಕಷ್ಟದ ಪ್ರಶ್ನೆ. ಭೂಮಿಯ ಮೇಲಾದರೆ ಒಂದು ಗುಡ್ಡವನ್ನು ಗುರುತು ಇಟ್ಟುಕೊಂಡು ಅದು ಎಷ್ಟು ಹೊತ್ತಿಗೆ ಒಂದು ಸುತ್ತು ಬರುತ್ತದೆ ಎಂದು ನೋಡಬಹುದು. ಶನಿಯಲ್ಲಿ ಗುಡ್ಡವಿಲ್ಲ, ನೆಲವೇ ಇಲ್ಲ. ಕಾಣುವುದೆಲ್ಲ ಮೋಡ, ಅದೂ ಒಂದೊಂದು ಪಟ್ಟಿ ಒಂದೊಂದು ವೇಗದಲ್ಲಿ ಓಡುತ್ತದೆ. ಗುರುಗ್ರಹದ್ದೂ ಅದೇ ಕಥೆಯಾದರೂ ಅಲ್ಲಿ ಒಂದು ಅನುಕೂಲವಿದೆ. ಅದರ ಕಾಂತಕ್ಷೇತ್ರ ಓರೆಯಾಗಿ ಕೂತ ಪೇಟದ ಹಾಗೆ ಒಂದು ಕಡೆಗೆ ವಾಲಿಕೊಂಡಿದೆ. ಆ ವಾಲಿದ ಕಡೆ ಎಷ್ಟು ಹೊತ್ತಿಗೊಮ್ಮೆ ನಮ್ಮತ್ತ ಬರುತ್ತದೆ ಎಂದು ಎಣಿಸಿದರೆ ಒಳಗಿನ ಗ್ರಹದ ದಿನ ಸಿಕ್ಕಿತು. ಶನಿಯ ಪೇಟ ಮಾತ್ರ ನೆಟ್ಟಗೆ ಕೂತಿದೆ. ಎಷ್ಟು ನೆಟ್ಟಗೆ ಎಂದರೆ ಅದು ತಿರುಗುತ್ತಿದೆಯೋ ಸುಮ್ಮನಿದೆಯೋ ಹೊರಗಿನಿಂದ ಹೇಳಲು ಬರುವುದಿಲ್ಲ.

ಇಷ್ಟೇ ಆಗಿದ್ದರೆ ಗೊತ್ತಿಲ್ಲ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಶನಿಯಿಂದ ರೇಡಿಯೋ ಅಲೆಗಳು ಬರುತ್ತವೆ, ಸುತ್ತ ಅದರ ಕಾಂತಕ್ಷೇತ್ರ ಹರಡಿರುವ ಕಾಂತಗೋಳವೂ ತಾಳ ಹಾಕಿದಂತೆ ಏರಿಳಿಯುತ್ತದೆ. ಉತ್ತರದ ಅರ್ಧಕ್ಕೆ ಒಂದು ತಾಳ, ದಕ್ಷಿಣದ ಅರ್ಧಕ್ಕೆ ಇನ್ನೊಂದು. ಅವು ಕಾಲಕಾಲಕ್ಕೆ ಬದಲಾಗುತ್ತವೆ ಬೇರೆ. ಒಂದು ಪುಟ್ಟ ಚಂದ್ರ ನೀರಾವಿಯನ್ನು ಉಗುಳುತ್ತಲೇ ಇದ್ದು ಆ ಕಾಂತಗೋಳಕ್ಕೆ ಭಾರ ತುಂಬಿ ಅದರ ತಿರುಗಾಟವನ್ನು ಹಿಂದಕ್ಕೆ ಜಗ್ಗುತ್ತದೆ. ಉಂಗುರಗಳಲ್ಲಿ ಏಳುವ ಸಣ್ಣ ಅಲೆಗಳನ್ನು ನೋಡಿ ಒಳಗಿನ ಗ್ರಹದ ಸುತ್ತನ್ನು ಅಂದಾಜು ಮಾಡಿದವರೂ ಇದ್ದಾರೆ, ಅವರ ಲೆಕ್ಕ ಇನ್ನೂ ಬೇರೆ. ಎಲ್ಲವೂ ಹತ್ತೂವರೆ ಹನ್ನೊಂದು ಗಂಟೆಯ ಆಸುಪಾಸಿನಲ್ಲೇ ಇವೆ, ಆದರೆ ಒಂದು ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಏನು ತಿರುಗುತ್ತಿದೆ, ಯಾವುದು ಯಾವುದನ್ನು ತಿರುಗಿಸುತ್ತಿದೆ ಎಂದು ಯೋಚಿಸಿ ಯೋಚಿಸಿ ನನಗೇ ತಲೆ ಸುತ್ತುತ್ತಿತ್ತು.

ಅಂಥ ಹೊತ್ತಿನಲ್ಲಿ, ಆಗಸ್ಟಿನ ಸೆಕೆಯಲ್ಲಿ, ಅಳತೆಗಳ ರಾಶಿಯಲ್ಲಿ ನನಗೊಂದು ಸಣ್ಣ ಏರಿಳಿತ ಕಂಡಿತು. ಶನಿಯನ್ನು ವರ್ಷಗಟ್ಟಲೆ ಸುತ್ತಿದ ನೌಕೆ ಕೊನೆಗೆ ಗ್ರಹಕ್ಕೂ ಉಂಗುರಕ್ಕೂ ನಡುವೆ ನುಸುಳಿ ನುಸುಳಿ, ಗ್ರಹದೊಳಗೇ ಬಿದ್ದು ಉರಿದುಹೋಗಿತ್ತು. ಅದು ಕಳಿಸಿದ ಅಳತೆ ಮಾತ್ರ ಉಳಿದಿತ್ತು, ಬೇಕಾದವರು ತೆಗೆದು ನೋಡಬಹುದು. ಆ ಕೊನೆಯ ಸುತ್ತುಗಳಲ್ಲಿ ಕಾಂತಕ್ಷೇತ್ರ ಕೂದಲೆಳೆಯಷ್ಟು ವಾಲಿದಂತೆ, ಉಂಗುರದವರು ಹೇಳಿದ ಲೆಕ್ಕಕ್ಕೆ ತೀರ ಹತ್ತಿರದ ಹೊತ್ತಿಗೊಮ್ಮೆ ತಿರುಗಿ ಬರುವಂತೆ ಕಾಣುತ್ತಿತ್ತು. ಅದು ನಿಜವಾದರೆ ಶನಿಯ ದಿನ ನೇರವಾಗಿ ಕೈಗೆ ಸಿಕ್ಕ ಹಾಗೆ. ಖುಷಿಯಾಯಿತೋ ಭಯವಾಯಿತೋ ಹೇಳಲಾರೆ.

ನಮ್ಮ ಗುಂಪಿನ ಮುಖ್ಯಸ್ಥೆ ವತ್ಸಲಾ ಮೇಡಂ. ಅವರದು ಮುತ್ತಜ್ಜನ ಕಾಲಕ್ಕೇ ಚೆನ್ನೈಗೆ ಬಂದು ನೆಲೆಸಿದ ಕನ್ನಡದ ಮನೆತನ. ಮನೆಯಲ್ಲಿ ಕನ್ನಡ, ಆದರೆ ಅದರಲ್ಲಿ ಅರ್ಧ ತಮಿಳು ಎಂದು ಅವರಿಗೇ ಗೊತ್ತಿರಲಿಲ್ಲ. ನನ್ನ ಚಿತ್ರವನ್ನು ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ನೋಡಿದರು.

"ನಲ್ಲಾ ಇದೆಮಾ. ಇದು ನಿಂತುಕೊಂಡರೆ ನಿನಗೆ ಇನ್ನೂ ಮೂರು ವರ್ಷ ಇಲ್ಲೇ ಕೆಲಸ, ನಾ ಕೇಳಿ ವಾಂಗಿಕೊಡ್ತೀನಿ. ಆದರೆ ಯಾರಿಗೂ ಸೊಲ್ಲಬೇಡ ಇಪ್ಪೋ" ಎಂದರು.

ಯಾರಿಗೂ ಹೇಳಬಾರದೆಂದರೆ ಮನೆಯಲ್ಲೂ ಹೇಳಬಾರದೆಂದು ನಾನು ತಿಳಿದುಕೊಳ್ಳಲಿಲ್ಲ. ಅಂದು ಸಂಜೆಯೇ ಗಂಡ ಗಿರೀಶನಿಗೆ ಹೇಳಿದೆ. ಅವನು ಕೇಳಿಸಿಕೊಂಡು, "ನಾನೂ ಒಂದು ಹೇಳ್ಬೇಕಿತ್ತು ಕಣೆ" ಎಂದ. ಅವನು ಗಿಂಡಿ ಬಡಾವಣೆಯಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದ. ಅವರ ಕಂಪನಿ ನಂಜನಗೂಡಿನ ಹತ್ತಿರ ಹೊಸ ಕಾರ್ಖಾನೆ ಹಾಕುತ್ತಿತ್ತು. ಅಲ್ಲಿಗೆ ದೊಡ್ಡ ಹುದ್ದೆಯ ಮೇಲೆ ಹೋಗುತ್ತೀಯಾ ಎಂದು ಇವನನ್ನು ಕೇಳಿದ್ದರು. ವರ್ಷ ಮುಗಿಯುವುದರೊಳಗೆ ಉತ್ತರ ಕೊಡಬೇಕಿತ್ತು.

ನಮ್ಮಿಬ್ಬರದೂ ಮೈಸೂರು. ಅಪ್ಪ ಅಮ್ಮ ಅತ್ತೆ ಮಾವ ಎಲ್ಲ ಅಲ್ಲೇ, ಒಂದು ಬಡಾವಣೆಯಿಂದ ಇನ್ನೊಂದಕ್ಕೆ ನಡೆದು ಹೋಗುವಷ್ಟು ದೂರದಲ್ಲಿ. ಚೆನ್ನೈಗೆ ಬಂದದ್ದೇ ಗಿರೀಶನಿಗೆ ಇಷ್ಟವಿರಲಿಲ್ಲ. ನನಗಾಗಿ ಇಲ್ಲಿ ಕೆಲಸ ಹುಡುಕಿಕೊಂಡು ಬಂದವನು ಅವನು. ಈಗ ಊರೇ ಅವನನ್ನು ಕರೆಯುತ್ತಿತ್ತು. ಇತ್ತ ನನಗೆ ಕಂಡ ಆ ಏರಿಳಿತ ನಿಜವಾದರೆ ನಾವು ಇರಬೇಕು, ಸುಳ್ಳಾದರೆ ಹೊರಡಬಹುದು. ನಮ್ಮ ಮನೆಯ ಪಾತ್ರೆಪಗಡವೆಲ್ಲ ಎಲ್ಲಿರಬೇಕೆಂದು ತೀರ್ಮಾನಿಸುವುದು ಶನಿಗ್ರಹದ ಪಾಲಿಗೆ ಬಂತು.

"ನೀನೇನಂತೀಯ?" ಎಂದು ಕೇಳಿದರೆ ಗಿರೀಶ, "ನಿನ್ನಿಷ್ಟ ಕಣೆ ಶೈಲ" ಎನ್ನುತ್ತಿದ್ದ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ನಿನ್ನಿಷ್ಟ ಎನ್ನುವವನ ಜೊತೆ ಜಗಳವಾಡುವುದು ಹೇಗೆ? ನನ್ನಿಷ್ಟ ಏನೆಂದು ನನಗೆ ಗೊತ್ತಿದ್ದರೆ ತಾನೇ. ಬೆಳಿಗ್ಗೆ ಏಳುವಾಗ ಊರಿಗೆ ಹೋಗೋಣ ಎನಿಸುತ್ತಿತ್ತು. ಸಂಸ್ಥೆಯ ಮೆಟ್ಟಿಲು ಹತ್ತುವಾಗ ಇಲ್ಲೇ ಇರೋಣ ಎನಿಸುತ್ತಿತ್ತು. ಸಂಜೆ ಬಸ್ಸಿನಲ್ಲಿ ನಿಂತು ಬರುವಾಗ ಎರಡೂ ಬೇಡ, ಒಮ್ಮೆ ಮಲಗಿದರೆ ಸಾಕು ಎನಿಸುತ್ತಿತ್ತು.

ಇಷ್ಟರಲ್ಲಿ ವಿಷಯ ಮೈಸೂರಿಗೂ ತಲುಪಿತು. ಅತ್ತೆ ಫೋನಿನಲ್ಲಿ, "ಏನಮ್ಮ, ನಿಮ್ಮ ಶನಿ ಏನಂತಾನೆ?" ಎಂದು ವಿಚಾರಿಸತೊಡಗಿದರು. ಗುಡಿಗೆ ಹೋಗಿ ಎಳ್ಳೆಣ್ಣೆ ದೀಪವನ್ನೂ ಹಚ್ಚಿ ಬರುತ್ತಿದ್ದರಂತೆ.

"ಏನಂತ ಕೇಳ್ಕೋತೀರಿ ಅತ್ತೆ?" ಎಂದೆ.

"ಒಳ್ಳೇದಾಗ್ಲಿ ಅಂತ."

"ಯಾವುದು ಒಳ್ಳೇದು ಅಂತ?"

"ಅದು ಅವನಿಗೆ ಗೊತ್ತಿರತ್ತೆ ಕಣಮ್ಮ" ಎಂದು ಫೋನು ಇಟ್ಟುಬಿಟ್ಟರು. ಅವರು ಏನು ಬೇಡಿಕೊಳ್ಳುತ್ತಿದ್ದರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ತಪ್ಪು ಹೇಳಲಾರೆ. ಮೊಮ್ಮಗಳು ಕಣ್ಣೆದುರು ಬೆಳೆಯಲಿ ಎಂದು ಯಾರಿಗೆ ಆಸೆಯಿರುವುದಿಲ್ಲ?

ಆ ಮೊಮ್ಮಗಳು, ನಮ್ಮ ಧಾತ್ರಿ, ಆಗ ಒಂದನೇ ತರಗತಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಭಾನುವಾರ ಅಡ್ಯಾರಿನಲ್ಲಿ ಕುಂದಾಪುರದ ಕಡೆಯವರ ಹೋಟೆಲಿಗೆ ಹೋಗಿದ್ದೆವು. ಬಡಿಸುವವರು ನನ್ನನ್ನು "ಎಂತ ಕೊಡ್ಲಿ ಅಕ್ಕ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಧಾತ್ರಿ, "ಅಣ್ಣಾ, ಎನಕ್ಕು ಒರು ನೈ ರೋಸ್ಟ್" ಎಂದಳು. ಅವರು ನಕ್ಕು, "ಸರಿ ಕಣ್ಣು" ಎಂದು ತಮಿಳಿಗೇ ತಿರುಗಿದರು.

"ಊರಿಗೆ ಹೋದ್ರೆ ಇವಳ ಬಾಯಲ್ಲಿ ಕನ್ನಡ ಬರತ್ತೆ" ಎಂದ ಗಿರೀಶ, ತಟ್ಟೆ ನೋಡುತ್ತಾ.

"ಅಂದ್ರೆ ಹೋಗ್ಬೇಕು ಅಂತ ನಿನಗೆ?"

"ಹಾಗಂದ್ನಾ ನಾನು? ಕನ್ನಡ ಬರತ್ತೆ ಅಂದೆ."

ಮಸಾಲೆ ದೋಸೆ ಚೆನ್ನಾಗಿತ್ತು, ಆದರೆ ಇಬ್ಬರಿಗೂ ಸೇರಲಿಲ್ಲ. ಧಾತ್ರಿ ಮಾತ್ರ ತನ್ನ ತುಪ್ಪದ ದೋಸೆ ಮುಗಿಸಿ ನನ್ನದರಲ್ಲೂ ಪಾಲು ಕೇಳಿದಳು.

ನವೆಂಬರಿನ ಮಳೆಯ ಹೊತ್ತಿಗೆ ಮೇಡಂ ಪರೀಕ್ಷೆ ಶುರು ಮಾಡಿದರು. ಅವರ ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ಯಾರಿಗಾದರೂ ಏನಾದರೂ ಹೊಸತು ಕಂಡರೆ ಅದನ್ನು ಪರೀಕ್ಷಿಸುವವರು ಅವರಾಗಬಾರದು, ಆ ವಿಷಯದಲ್ಲಿ ಆಸೆಯೇ ಇಲ್ಲದವರಾಗಬೇಕು. ನಿಜವಾದ ಅಳತೆಯನ್ನು, ಸುತ್ತುಗಳ ಕಾಲವನ್ನು ಬೇಕೆಂದೇ ಅದಲುಬದಲು ಮಾಡಿದ ಹಲವು ಸುಳ್ಳು ಅಳತೆಗಳ ಜೊತೆ ಸೇರಿಸಿ ಕೊಡುತ್ತಾರೆ. ಯಾವುದು ನಿಜ ಯಾವುದು ಸುಳ್ಳು ಎಂದು ಪರೀಕ್ಷಿಸುವವರಿಗೆ ಗೊತ್ತಿರುವುದಿಲ್ಲ. ಅವರಿಗೆ ನಿಜದಲ್ಲಿ ಮಾತ್ರ ಆ ಏರಿಳಿತ ಕಂಡರೆ ಗೆದ್ದ ಹಾಗೆ. ನನ್ನದನ್ನು ಸೆಂದಿಲ್‌ಗೆ ಕೊಟ್ಟರು. ಅವನು ದೂರದ ನಕ್ಷತ್ರಗಳ ಮಿಣುಕಾಟ ನೋಡುವವನು, ಶನಿ ಇದ್ದರೆಷ್ಟು ಹೋದರೆಷ್ಟು ಎಂಬಂತಿದ್ದ.

ಆ ಪದ್ಧತಿಗೆ ಇನ್ನೊಂದು ಭಾಗವಿತ್ತು. ಅಳತೆಗಳನ್ನು ಒಪ್ಪಿಸುವ ಮೊದಲು ಮೇಡಂ ನನ್ನನ್ನು ಕೂರಿಸಿಕೊಂಡು ಕೇಳಿದರು.

"ಮೊದಲು ಸೊಲ್ಲುಮಾ. ನಿನಗೆ ಇದು ಏನಾಗಬೇಕು? ಇರಬೇಕಾ, ಇರಬಾರದಾ?"

ಅದೇನು ದೊಡ್ಡ ಪ್ರಶ್ನೆ ಎಂದು ಬಾಯಿ ತೆರೆದೆ. ಇರಬೇಕು ಎನ್ನಲು ಹೋದರೆ ತಟ್ಟೆ ನೋಡುತ್ತಾ ಕೂತಿದ್ದ ಗಿರೀಶ ನೆನಪಾದ. ಇರಬಾರದು ಎನ್ನಲು ಹೋದರೆ ಆಗಸ್ಟಿನಲ್ಲಿ ಕಂಡ ಆ ಏರಿಳಿತ ಕಣ್ಣಮುಂದೆ ಬಂತು. "ಗೊತ್ತಿಲ್ಲ ಮೇಡಂ" ಎಂದೆ.

ಅವರು ಕನ್ನಡಕ ತೆಗೆದರು. "ಅದು ಡೇಂಜರ್ ಅಲ್ಲವಾಮಾ? ಬೇಕು ಅಂದವರು ಎಲ್ಲಿ ಎಡವುತ್ತಾರೆ ಅಂತ ನನಗೆ ತೆರಿಯುತ್ತೆ, ಅಲ್ಲಿ ಕಾವಲು ಇರಬಹುದು. ಗೊತ್ತಿಲ್ಲ ಅಂದವರು ಎಲ್ಲಿ ಬಿದ್ದರೂ ಬೀಳಬಹುದು. ಮನೆಗೆ ಹೋಗಿ ಯೋಚನೆ ಪಣ್ಣು."

ಯೋಚನೆ ಮಾಡಲು ಮಳೆ ಬೇಕಾದಷ್ಟು ಸಮಯ ಕೊಟ್ಟಿತು. ಬಂಗಾಳಕೊಲ್ಲಿಯಲ್ಲಿ ಚಂಡಮಾರುತ ಎದ್ದು ಶಾಲೆಗಳಿಗೆ ರಜೆ ಕೊಟ್ಟರು. ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು. ಸಂಸ್ಥೆಯಲ್ಲಿ ಕರೆಂಟು ಹೋಗಿ ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರು, ಸೆಂದಿಲ್‌ನ ಲೆಕ್ಕ ಅರ್ಧಕ್ಕೆ ನಿಂತಿತ್ತು. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ನಾಳೆ ಶಾಲೆ ಇದ್ದರೂ ಇರಬಹುದೆಂದು ಕರೆಂಟು ಬಂದಾಗಲೆಲ್ಲ ಯೂನಿಫಾರಂ ಇಸ್ತ್ರಿ ಮಾಡಿ ಇಡುತ್ತಿದ್ದೆ. ಸಂಜೆ ಟೀವಿ ನೋಡಿ ಧಾತ್ರಿ, "ನಾಳೈಕ್ಕುಂ ಲೀವು" ಎಂದು ಕುಣಿಯುತ್ತಿದ್ದಳು. ಮರುದಿನ ಆ ಯೂನಿಫಾರಂ ಮತ್ತೆ ತಣ್ಣಗೆ ಒದ್ದೆಯಾಗಿರುತ್ತಿತ್ತು.

ಆ ದಿನಗಳಲ್ಲಿ ಗಿರೀಶ, ನಾನು ಒಂದೇ ಕೋಣೆಯಲ್ಲಿ ಕಿಟಕಿಯ ಎರಡು ಬದಿಗೆ ಕೂತಿರುತ್ತಿದ್ದೆವು. ಮಾತು ಬೇಕಾದಷ್ಟು ಆಡಿದೆವು. ಹಾಲಿನ ಬಗ್ಗೆ, ನೀರಿನ ಬಗ್ಗೆ, ಲಿಫ್ಟಿನ ಬಗ್ಗೆ. ಬೇಕಾದ ಒಂದು ಮಾತನ್ನು ಇಬ್ಬರೂ ಆಡಲಿಲ್ಲ. ಶನಿಯ ಉತ್ತರಕ್ಕೊಂದು ತಾಳ, ದಕ್ಷಿಣಕ್ಕೊಂದು ತಾಳ ಎಂದು ನಾನು ಮೊದಲ ಸಲ ವಿವರಿಸಿದಾಗ ಗಿರೀಶ, "ಒಂದೇ ಮೈಗೆ ಎರಡು ಹೇಗಿರತ್ತೆ?" ಎಂದು ಆಶ್ಚರ್ಯಪಟ್ಟಿದ್ದ. ಈಗ ಕೇಳಿದ್ದರೆ ನಮ್ಮ ಮನೆಯನ್ನೇ ತೋರಿಸುತ್ತಿದ್ದೆ.

ಮಾರ್ಗಳಿ, ಅಂದರೆ ನಮ್ಮ ಧನುರ್ಮಾಸ, ಬಂತು. ಆ ತಿಂಗಳಲ್ಲಿ ಮೈಲಾಪೂರಿನ ಬೀದಿಗಳಲ್ಲಿ ದೊಡ್ಡ ದೊಡ್ಡ ರಂಗೋಲಿ, ಎಲ್ಲಿ ಹೋದರೂ ಸಂಗೀತ ಕಚೇರಿ, ಹಾಡು. ಅಂಥ ಒಂದು ಶುಕ್ರವಾರ ಮಧ್ಯಾಹ್ನ ಮೇಡಂ ತಮ್ಮ ಕೋಣೆಗೆ ಕರೆದರು. ಸೆಂದಿಲ್ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಸಂಕೋಚದಿಂದ ನನ್ನತ್ತ ನೋಡದೆ, "ಎದುಲೆ ಪಾತ್ತಾಲುಂ ವರುದು ಮೇಡಂ" ಎಂದ. ಯಾವುದರಲ್ಲಿ ನೋಡಿದರೂ ಬರುತ್ತದೆ. ಸುಳ್ಳು ಅಳತೆಗಳಲ್ಲೂ ಅದೇ ಏರಿಳಿತ, ಅದೇ ಹೊತ್ತಿಗೆ.

ಅಂದರೆ ಅದು ಶನಿಯದಲ್ಲ. ನೌಕೆಯ ಆ ಕೊನೆಯ ಸುತ್ತುಗಳು ಎಲ್ಲವೂ ಹೆಚ್ಚು ಕಡಿಮೆ ಒಂದೇ ಅವಧಿಯವು. ದಿನಗಟ್ಟಲೆ ದೂರ ಸುತ್ತಿ, ಕೆಲವೇ ಗಂಟೆ ಗ್ರಹದ ಹತ್ತಿರ ಬಂದು ಹೋಗುತ್ತಿತ್ತು. ಪ್ರತಿ ಸಲವೂ ಊಟದ ಹೊತ್ತಿಗೇ ಹೋಗುವ ನೆಂಟ, ಆ ಮನೆಯವರು ಸದಾ ಉಣ್ಣುತ್ತಲೇ ಇರುತ್ತಾರೆ ಎಂದುಕೊಂಡಂತೆ ಆಗಿತ್ತು. ನಾವು ಹೋಗಿ ನೋಡುವ ಹೊತ್ತೇ ಆ ತಾಳವನ್ನು ಹುಟ್ಟಿಸಿತ್ತು. ಇದು ನಮ್ಮ ಕಸುಬಿನಲ್ಲಿ ಹಳೆಯ ಬಲೆ. ಅದನ್ನು ತಪ್ಪಿಸಲೆಂದು ನಾನು ಮಾಡಿಕೊಂಡಿದ್ದ ಏರ್ಪಾಡು ಇಷ್ಟು ಸಣ್ಣ ಏರಿಳಿತಕ್ಕೆ ಸಾಲದೆ ಹೋಗಿತ್ತು.

"ಒಳ್ಳೇದಾಯ್ತುಮಾ, ಪ್ರಿಂಟ್ ಆಗುವ ಮೊದಲೇ ತೆರಿಂದಿತು" ಎಂದರು ಮೇಡಂ. ನನ್ನ ಹೆಗಲ ಮೇಲೆ ಕೈಯಿಟ್ಟು, "ಆ ಮೂರು ವರ್ಷ ಇನಿಮೇ ನಾನು ಕೇಳೋಕಾಗಲ್ಲ. ಸಾರಿಮಾ" ಎಂದರು.

ಗಿರೀಶನಿಗೆ 'ಇಲ್ಲ' ಎಂದು ಒಂದೇ ಪದ ಕಳಿಸಿದೆ. ಸರಿ, ಮುಗಿಯಿತು, ಇನ್ನು ಹಗುರಾಗುತ್ತದೆ ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮನಸ್ಸು ಹಗುರಾಗುವ ಬದಲು ನೌಕೆಯ ಸುತ್ತುಗಳನ್ನೇ ಹಿಡಿದುಕೊಂಡು ಕೂತಿತು. ಕೊನೆಯವು ಒಂದೇ ಅವಧಿಯವು, ಸರಿ. ಅದಕ್ಕೂ ಹಿಂದಿನ, ಬೇರೆ ಬೇರೆ ಅವಧಿಯ ಸುತ್ತುಗಳನ್ನು ಸೇರಿಸಿಕೊಂಡರೆ? ಅವು ಗ್ರಹದಿಂದ ದೂರ, ಉಂಗುರದ ಆಚೆ. ಅಲ್ಲಿ ಎರಡು ತಾಳಗಳ ಗದ್ದಲ ಜಾಸ್ತಿ. ಆ ಗದ್ದಲವನ್ನು ಮೊದಲು ಕಳೆದರೆ? ಇಳಿಯುವ ಸ್ಟಾಪು ದಾಟಿ ಎಷ್ಟೋ ಮುಂದೆ ಹೋದ ಮೇಲೆ ನನಗೆ ಎಚ್ಚರವಾಯಿತು. ಅಲ್ಲಿಂದ ರಂಗೋಲಿ ತುಳಿಯದಂತೆ ಹಿಂದಕ್ಕೆ ನಡೆದು ಬಂದೆ. ನಡೆಯುತ್ತಾ ಅಳು ಬಂತು. ನಾಲ್ಕು ತಿಂಗಳಿಂದ ನನಗೆ ಏನು ಬೇಕಾಗಿತ್ತೆಂದು ಆಗ ಗೊತ್ತಾಯಿತು.

ಗಿರೀಶ ಕಾಫಿ ಮಾಡಿ ಇಟ್ಟಿದ್ದ. ನನ್ನ ಮುಖ ನೋಡಿ ಸಮಾಧಾನದ ಮಾತೆಲ್ಲ ಹೇಳಿದ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಸೋಮವಾರ ಹೂಂ ಅಂದ್ಬಿಡ್ಲಾ?" ಎಂದ.

"ನೀನು ಹೂಂ ಅನ್ನು ಗಿರೀಶ. ನಾನು ಬರಲ್ಲ."

ಅವನು ಲೋಟ ಕೆಳಗಿಟ್ಟ. "ನಿನ್ನ ಕೆಲಸ ಮುಗಿಯತ್ತಲ್ಲೇ ಇಲ್ಲಿ?"

"ಹೌದು."

"ಆ ಸಿಗ್ನಲ್ಲೂ ಸುಳ್ಳು."

"ಸುಳ್ಳು."

"ಮತ್ತಿನ್ನೇನಿದೆ ಇಲ್ಲಿ?"

"ಏನು ತಿರುಗ್ತಿದೆ ಅಂತ ಗೊತ್ತಾಗಿಲ್ಲ. ಅದನ್ನ ಬಿಟ್ಟು ಬರೋಕೆ ಆಗಲ್ಲ ನನಗೆ. ಇಷ್ಟು ದಿನ ಹೇಳಕ್ಕಾಗಿರ್ಲಿಲ್ಲ, ನನಗೇ ಗೊತ್ತಿರ್ಲಿಲ್ಲ."

ಅವನು ಕೂಗಾಡುತ್ತಾನೆಂದುಕೊಂಡೆ. ಕೂಗಾಡಲಿಲ್ಲ. ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ. ಸೋಮವಾರ ಅವನು ಕಂಪನಿಗೆ ಹೂಂ ಎಂದ. ನಾನು ಮೇಡಂ ಹತ್ತಿರ ಹೋಗಿ, ಏನಾದರೂ ಕೊಡಿ, ಇಲ್ಲದಿದ್ದರೂ ಕೂರಲು ಒಂದು ಮೇಜು ಕೊಡಿ ಎಂದು ಕೇಳಿದೆ. ಅವರು ಎಲ್ಲೆಲ್ಲಿಗೋ ಫೋನು ಮಾಡಿ ಅರ್ಧ ಸಂಬಳದ ಒಂದು ಕೆಲಸ ಹೊಂದಿಸಿದರು. ಅತ್ತೆ ಒಂದು ವಾರ ನನಗೆ ಫೋನು ಮಾಡಲಿಲ್ಲ. ಅಮ್ಮ ಮಾಡಿದಳು, ಮಾಡಿ ಅತ್ತಳು.

ಜನವರಿಯಲ್ಲಿ ಗಿರೀಶ ಹೊರಟ. ಧಾತ್ರಿಯ ಶಾಲೆ ಇರುವುದರಿಂದ ಅವಳು ನನ್ನ ಜೊತೆ ಇರುವುದೆಂದು ಹೇಗೋ ಮಾತಾಗಿತ್ತು. ಸೆಂಟ್ರಲ್ ಸ್ಟೇಷನ್ನಿನಲ್ಲಿ ಮೈಸೂರಿನ ಮಧ್ಯಾಹ್ನದ ರೈಲಿಗೆ ಅವನ ಸೂಟ್‌ಕೇಸುಗಳನ್ನು ಏರಿಸಿದೆವು. ರೈಲಿನ ಬಾಗಿಲಲ್ಲಿ ನಿಂತು ಅವನು, "ನನಗೆ ಗೊತ್ತಿತ್ತು ಕಣೆ" ಎಂದ.

"ಏನು?"

"ನೀನು ಬರಲ್ಲ ಅಂತ. ಅಮ್ಮಂಗೂ ಗೊತ್ತಿತ್ತು, ಅದಕ್ಕೇ ದೀಪ ಹಚ್ತಿದ್ರು. ಗೊತ್ತಿಲ್ದೇ ಇದ್ದಿದ್ದು ನಿನಗೊಬ್ಬಳಿಗೇ."

"ಗೊತ್ತಿದ್ರೆ ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನನಗೋಸ್ಕರ ಬಂದ್ಬಿಡ್ತಿದ್ದೆ" ಎಂದ. ಅಷ್ಟರಲ್ಲಿ ರೈಲು ಅಲುಗಿತು. ಧಾತ್ರಿಯ ತಲೆ ನೇವರಿಸಲು ಚಾಚಿದ ಕೈಗೆ ಅವಳು ಎಟುಕಲಿಲ್ಲ.

ರೈಲು ಹೋದ ಮೇಲೂ ಅವಳು ಹಳಿಯನ್ನೇ ನೋಡುತ್ತಿದ್ದಳು. "ಅಪ್ಪಾ ಎಪ್ಪೋ ತಿರುಂಬಿ ವರುವಾರು?" ಎಂದು ಕೇಳಿದಳು. ಹಬ್ಬಕ್ಕೆ ಬರುತ್ತಾರೆ, ರಜೆಗೆ ನಾವೇ ಹೋಗೋಣ ಎಂದೆಲ್ಲ ಹೇಳಬಹುದಿತ್ತು. ಅವಳು ಕೇಳಿದ್ದು ಅದಲ್ಲ, ಅಪ್ಪ ಮತ್ತೆ ನಮ್ಮ ಜೊತೆ ಇರಲು ಯಾವಾಗ ವಾಪಸು ಬರುತ್ತಾರೆ ಎಂದು. "ಗೊತ್ತಿಲ್ಲ ಪುಟ್ಟಿ" ಎಂದೆ. ಗ್ರಹದ ಬಗ್ಗೆ ಹಾಗೆನ್ನುವುದು ಸುಲಭ, ಮಗಳ ಮುಖ ನೋಡಿಕೊಂಡು ಹೇಳುವುದು ಹಾಗಲ್ಲ. ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಜನರ ನಡುವೆ ಅಳುತ್ತಲೇ ಪ್ಲಾಟ್‌ಫಾರಂ ಉದ್ದಕ್ಕೂ ನಡೆದೆ. ಆ ರೈಲು ಹತ್ತಬೇಕಿತ್ತು ಎಂದು ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ.